ಗುಡ್ಡಕ್ಕೋ ಬಯಲಿಗೋ, ಮಳೆ ಯಾರ ಕಡೆಗೆ?

ಮಳೆ ಬರುತ್ತದೆ ಎಂದು ನಾನು ಜನ್ಮದಲ್ಲಿ ಒಬ್ಬರಿಗೂ ಹೇಳಿದವನಲ್ಲ. ಆದರೂ ಆಂಧ್ರದ ಗಡಿಯ ನಮ್ಮ ಆದವಾನಿಯಲ್ಲಿ ಬಂದ ಮಳೆಗೂ ಬಾರದ ಮಳೆಗೂ ಜನ ನನ್ನನ್ನೇ ಹಿಡಿದು ಕೇಳುತ್ತಿದ್ದರು. ಎಪ್ಪತ್ತರ ದಶಕದ ಮಾತು. ನಮ್ಮ ಕಚೇರಿಯ ಅಂಗಳದಲ್ಲಿ ಮಳೆ ಅಳೆಯುವ ಒಂದು ಡಬ್ಬಿ ಇತ್ತು. ದಿನಾ ಬೆಳಿಗ್ಗೆ ಅದರಲ್ಲಿ ನೀರೆಷ್ಟು ಬಿದ್ದಿದೆ ಎಂದು ನೋಡಿ ಕರ್ನೂಲಿಗೆ ತಿಳಿಸುವುದು ಗುಮಾಸ್ತನಾದ ನನ್ನ ಕೆಲಸ. ಬಿದ್ದ ಮಳೆ ನನ್ನದು, ಬೀಳುವ ಮಳೆ ನನ್ನದಲ್ಲ. ಇಷ್ಟು ಸಣ್ಣ ವ್ಯತ್ಯಾಸವನ್ನು ಊರಿಗೆ ತಿಳಿಸಿ ಹೇಳುವುದು ನಿವೃತ್ತಿಯವರೆಗೂ ನನ್ನಿಂದ ಆಗಲಿಲ್ಲ. ಯುಗಾದಿ ಮುಗಿದು ಬಿಸಿಲೇರಿ, ಸಂಜೆ ಪಡುವಣದಲ್ಲಿ ಒಂದು ಕರಿಮೋಡ ಕಂಡರೆ ಮುಗಿಯಿತು, ನಾನು ಬೀದಿಯಲ್ಲಿ ತಲೆ ಎತ್ತಿ ನಡೆಯುವ ಹಾಗಿರಲಿಲ್ಲ.

ಒಂದೆರಡು ಕಡೆ

ಒಂದು ಸಂಜೆ ರೇಡಿಯೋದಲ್ಲಿ ತೆಲುಗಿನವರು ಹೇಳಿದರು: ಗುಡ್ಡಗಾಡು ಹಾಗೂ ಬಯಲು ಪ್ರದೇಶದ ಒಂದೆರಡು ಕಡೆ ಗುಡುಗು ಸಹಿತ ಮಳೆ ಬರಬಹುದು. ಮರುದಿನ ಚಹಾದ ಅಂಗಡಿ ಮುಂದೆ ಒಬ್ಬ ಹತ್ತಿ ವ್ಯಾಪಾರಿ ನನ್ನನ್ನು ಅಡ್ಡಗಟ್ಟಿದ. ಅವನ ಹತ್ತಿಯೆಲ್ಲ ಮಾರ್ಕೆಟ್ ಅಂಗಳದಲ್ಲಿ ಬಯಲಿಗೇ ಬಿದ್ದಿತ್ತು.

"ಒಂದೆರಡು ಕಡೆ ಅಂದ್ರ ಯಾವ ಕಡೆರೀ?"

"ನನಗ ಗೊತ್ತಿಲ್ಲ."

"ಆದವಾನಿಗೆ ಈ ಕಡೆ ಕೋಟೆ ಗುಡ್ಡ ಐತಿ, ಆ ಕಡೆ ಬಯಲೈತಿ. ನಾವು ಯಾವದರಾಗ ಬರ್ತೀವಿ?"

"ಎರಡರಾಗೂ ಬರ್ತೀವಿ ನೋಡ್ರಿ," ಎಂದೆ, ತಪ್ಪಿಸಿಕೊಂಡರೆ ಸಾಕಾಗಿ.

ಅವನ ಮುಖ ಬಿಳುಪೇರಿತು. "ಹಂಗಾರ ಆ ಎರಡು ಕಡೆನೂ ನಾವ ಆದ್ವಲ್ರೀ! ಸಾರ್, ಕರ್ನೂಲಿಗೆ ಒಂದು ಮಾತು ಹೇಳಿ ಅದನ್ನ ಪೆದ್ದಕಡುಬೂರಿನ ಕಡೆ ಕಳಿಸ್ರಿ. ಅವರಿಗೆ ಬೇಕಾಗೇತಿ."

ತಲೆ ಚಚ್ಚಿಕೊಂಡು ಕಚೇರಿಗೆ ಹೋದೆ. ಆ ವಾರ ಎಲ್ಲಿಯೂ ಒಂದು ಹನಿ ಬೀಳಲಿಲ್ಲ. ಸಂತೆಯ ದಿನ ಪೆದ್ದಕಡುಬೂರಿನ ರೈತನೊಬ್ಬ, ಮುಖಪರಿಚಯವೂ ಇಲ್ಲದವನು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಚೇರಿಗೇ ಬಂದು ನನ್ನ ಮೇಜಿನ ಮುಂದೆ ನಿಂತ.

"ನಮ್ಮೂರಿಗೆ ಒಂದು ಮಳಿ ಬಿಟ್ಟೀರಂತಲ್ರೀ. ಇನ್ನಾ ಮುಟ್ಟಿಲ್ಲ."

ಒಂದು ತಂಬಿಗೆ ಮರ್ಯಾದೆ

ಮೇಲಿನ ಅಧಿಕಾರಿ ತಪಾಸಣೆಗೆ ಬರುವವರಿದ್ದರು. ಕಡು ಬೇಸಿಗೆ. ಬಾವಿಗಳೇ ತಳ ಕಂಡಿದ್ದ ಕಾಲ. ಬೆಳಿಗ್ಗೆ ಡಬ್ಬಿಯ ಹತ್ತಿರ ಹೋಗಿ ನೋಡುತ್ತೇನೆ, ಒಳಗೆ ತುಂಬ ನೀರು! ಮೇಲೆ ನೋಡಿದೆ. ಆಕಾಶ ಉಜ್ಜಿದ ಹಿತ್ತಾಳೆಯ ಹಾಗಿತ್ತು. ಪಕ್ಕದಲ್ಲಿ ನಮ್ಮ ಜವಾನ ಕೈಕಟ್ಟಿ ನಿಂತಿದ್ದ.

"ಇದೇನಪ್ಪಾ?"

"ನಾನ ಹಾಕೀನಿ ಸಾರ್. ಸಾಹೇಬರು ಅಷ್ಟು ದೂರದಿಂದ ಬರ್ತಾರ. ಖಾಲಿ ಡಬ್ಬಿ ತೋರಿಸಿದ್ರ ನಮ್ಮ ಆಫೀಸಿನ ಮರ್ಯಾದಿ ಏನುಳೀತೈತಿ?"

ಚೆಲ್ಲಬೇಕು ಎನ್ನುವಷ್ಟರಲ್ಲಿ ಜೀಪು ಬಂದೇ ಬಿಟ್ಟಿತು. ಅಧಿಕಾರಿ ನೇರ ಡಬ್ಬಿಯ ಬಳಿಗೇ ನಡೆದರು. ಬಗ್ಗಿ ನೋಡಿದರು. ಧೂಳು ಮೆತ್ತಿದ ತಮ್ಮ ಜೀಪು ನೋಡಿದರು. ಬಿರುಕು ಬಿಟ್ಟ ಅಂಗಳ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಏಮಯ್ಯಾ, ಮಳೆ ಎಲ್ಲಿ ಬಂತು?"

ನಾನು ಬಾಯಿ ತೆರೆಯುವುದರೊಳಗೆ ಜವಾನ ಮುಂದೆ ಬಂದು ಕೈ ಮುಗಿದ.

"ಡಬ್ಬಿ ಒಳಗ ಅಷ್ಟ ಬಂತ್ರೀ ಸಾಹೇಬ್ರ."

ಪಕ್ಕದ ಮನೆಯ ಮೊಣಕಾಲು

ಹೊರಗಿನವರು ಹೋಗಲಿ, ಮನೆಯಲ್ಲಾದರೂ ನೆಮ್ಮದಿ ಇತ್ತೇ? ಬೇಸಿಗೆ ಬಂತೆಂದರೆ ಮಾಳಿಗೆ ತುಂಬ ಸಂಡಿಗೆ, ಹಪ್ಪಳ. ಹಿಟ್ಟು ಕಲಸುವ ಮುಂಚೆ ಹೆಂಡತಿಯ ಪ್ರಶ್ನೆ ಸಿದ್ಧ.

"ಇವತ್ತು ಒಣಹಾಕ್ಲೇನ್ರೀ? ಮಳಿ ಬರೂದಿಲ್ಲಲ್ಲ?"

"ನನಗೇನು ಗೊತ್ತು?"

"ಕರ್ನೂಲಿನವರಿಗೆ ಹೇಳ್ತೀರಿ. ಕಟ್ಟಿಕೊಂಡ ಹೆಂಡತಿಗೆ ಹೇಳಲಿಕ್ಕೆ ಬಾಯಿ ಬರೂದಿಲ್ಲ."

ಒಂದು ಸಲ ಬೇಸತ್ತು "ಬರೂದಿಲ್ಲ, ಹಾಕು" ಅಂದುಬಿಟ್ಟೆ. ಮಧ್ಯಾಹ್ನವೇ ಧೂಳುಗಾಳಿ ಎದ್ದು ಸಂಡಿಗೆಯೆಲ್ಲ ಹಾರಿ ಅಕ್ಕಪಕ್ಕದ ಮಾಳಿಗೆಗಳಿಗೆ ಹಂಚಿಹೋಯಿತು. ಮಳೆಯಂತೂ ಬಂದಿರಲಿಲ್ಲ, ನನ್ನ ಮಾತು ನಿಜವೇ ಆಗಿತ್ತು. ಅದನ್ನು ಹೇಳಹೋಗಿ ಇನ್ನಷ್ಟು ಬೈಸಿಕೊಂಡೆ.

ಅಂದಿನಿಂದ ಆಕೆ ಪಕ್ಕದ ಮನೆಯ ಅಜ್ಜಿಯ ಮೊಣಕಾಲನ್ನು ನಂಬತೊಡಗಿದಳು. ಅಜ್ಜಿಯ ಮೊಣಕಾಲು ಸೆಳೆದರೆ ಮಳೆ ಬರುತ್ತದಂತೆ. ಆ ವೈಶಾಖ ಪೂರ್ತಿ ಮೊಣಕಾಲು ಬಿಡದೆ ಸೆಳೆಯಿತು. ಸಂಡಿಗೆ ಹಿಟ್ಟು ಪಾತ್ರೆಯಲ್ಲೇ ಹುಳಿಯಾಯಿತು. ಹನಿ ಬೀಳಲಿಲ್ಲ.

"ಈಗೇನಂತೀ?" ಎಂದೆ, ಗೆದ್ದವನ ಹಾಗೆ.

"ಪಾಪ, ಅವರ ಕಾಲಿಂದೇನು ತಪ್ಪೈತಿ? ಮಳಿ ಬೇರೆ ಊರಿಗೆ ಹೋಗಿರಬೇಕು."

ನಾನು ಸುಮ್ಮನಿದ್ದದ್ದು

ಇನ್ನು ನನ್ನ ದೊಡ್ಡಪ್ಪನ ಮಗನ ವಿಷಯ. ನನಗಿಂತ ದೊಡ್ಡವನು, ಅಣ್ಣ ಎಂದೇ ಕರೆಯುತ್ತೇನೆ. ಪ್ರತಿ ಯುಗಾದಿಗೂ ಗುಡಿಯಲ್ಲಿ ಕೂತು ಪಂಚಾಂಗ ಓದಿ, ಈ ವರ್ಷ ಮಳೆ ಹೇಗೆ ಎಂದು ಊರಿಗೆಲ್ಲ ಹೇಳುವವನು ಅವನೇ. ಅಂಥವನು ಮಗಳ ಮದುವೆಗೆ ವೈಶಾಖದಲ್ಲಿ ಮುಹೂರ್ತ ಇಟ್ಟು ನನ್ನ ಮನೆಗೆ ಬಂದ.

"ಮನಿ ಮುಂದ ಚಪ್ಪರ ಹಾಕ್ಸೀನಿ. ಆವತ್ತು ಮಳಿ ಬರ್ತೈತೇನೋ?"

"ಅಣ್ಣಾ, ಪಂಚಾಂಗ ಓದಾಂವ ನೀನು. ನನ್ನ ಕೇಳ್ತೀಯಲ್ಲ!"

"ಪಂಚಾಂಗ ಊರಿಗೆ. ಇದು ಮಗಳ ಮದಿವಿ."

ಈ ಸಲ ಏನಾದರಾಗಲಿ, ಬಾಯಿ ಬಿಡಬಾರದೆಂದು ನಿಶ್ಚಯಿಸಿದೆ. ಎಷ್ಟು ಕೇಳಿದರೂ ತುಟಿ ಎರಡು ಮಾಡಲಿಲ್ಲ. ಅವನು ನನ್ನ ಮುಖವನ್ನೇ ದಿಟ್ಟಿಸಿ, ಬೆವರೊರೆಸಿಕೊಂಡು ಎದ್ದುಹೋದ. ಹೋದವನು ಮನೆಯಲ್ಲಿ ಹೇಳಿದನಂತೆ: "ತಮ್ಮ ಬಾಯಿ ಬಿಡವಲ್ಲ. ಸರಕಾರದ ಗುಟ್ಟಿರಬೇಕು. ಏನೋ ದೊಡ್ಡದ ಬರ್ತೈತಿ."

ರಾತ್ರೋರಾತ್ರಿ ಚಪ್ಪರ ಕೀಳಿಸಿದ. ಪರಿಚಯದವರ ಹತ್ತಿ ಜಿನ್ನಿಂಗ್ ಮಿಲ್ಲೊಂದು ಹಂಗಾಮು ಮುಗಿದು ಖಾಲಿ ಬಿದ್ದಿತ್ತು. ಮದುವೆಯನ್ನು ಅದರ ತಗಡಿನ ಗೋದಾಮಿಗೆ ಎತ್ತಿಹಾಕಿದ.

ಮದುವೆಯ ದಿನ ಆಕಾಶದಲ್ಲಿ ಬೆರಳಗಲ ಮೋಡವಿಲ್ಲ. ಒಳಗೆ ತಗಡು ಕಾದು ಹಂಚಾಗಿತ್ತು. ರಾಯಚೂರಿನಿಂದ ಬಂದ ಬೀಗರು ಬೀಸಣಿಗೆ ಬೀಸಿದಷ್ಟೂ ಮೂಲೆಯಲ್ಲಿದ್ದ ಹತ್ತಿಯ ನಾರು ಮೇಲೆದ್ದು ಹಾರಾಡಿತು. ಇನ್ನೇನು ತಾಳಿ ಕಟ್ಟಬೇಕು, ಪುರೋಹಿತರು ಸೀನಿದರು. ಅಪಶಕುನ ಎಂದು ತಡೆದರು. ಸ್ವಲ್ಪ ಹೊತ್ತು ಬಿಟ್ಟು ಶುರುಮಾಡಿದರೆ ವರನ ಅಪ್ಪ ಸೀನಿದರು. ಮತ್ತೆ ತಡೆ. ಮೂರನೆಯ ಸಲ ವರನೇ ಸೀನಿದ, ಕೈಯಲ್ಲಿದ್ದ ತಾಳಿ ಅಕ್ಷತೆಯ ತಟ್ಟೆಗೆ ಬಿತ್ತು.

"ಮುಹೂರ್ತ ಮೀರ್ತೈತಿ! ಹೊರಗ ನಡೀರಿ!" ಎಂದು ಅಣ್ಣ ಕೂಗಿದ. ಅಂಗಳಕ್ಕೆ ಮಣೆ, ಹೋಮಕುಂಡ, ವರ, ವಧು, ಓಲಗದವರು ಎಲ್ಲರೂ ಓಡಿದೆವು. ನಾವು ಒಳಗೆ ಸೀನುತ್ತಿದ್ದಾಗ ಗುಡ್ಡದ ಹಿಂದಿನಿಂದ ಮೋಡ ಎದ್ದಿದ್ದನ್ನು ಯಾರೂ ಗಮನಿಸಿರಲಿಲ್ಲ. ವರ ತಾಳಿ ಕಟ್ಟಿದ, ಮೂರನೇ ಗಂಟು ಬೀಳುತ್ತಲೇ ಆಕಾಶ ಕಳಚಿಬಿತ್ತು. ಗೋದಾಮಿನ ಬಾಗಿಲಲ್ಲಿ ನೂಕುನುಗ್ಗಲು. ಒಳಸೇರುವಷ್ಟರಲ್ಲಿ ನೆನೆದ ಮೈಗೆಲ್ಲ ಹತ್ತಿ ಮೆತ್ತಿ, ಎರಡೂ ಕಡೆಯ ಬೀಗರು ಕುರಿಮಂದೆಯ ಹಾಗೆ ಕಾಣುತ್ತಿದ್ದರು.

ಅಣ್ಣ ಎಲ್ಲರೆದುರು ನನ್ನತ್ತ ಬೆರಳು ಮಾಡಿದ. "ಗೊತ್ತಿದ್ದೂ ಹೇಳಲಿಲ್ಲಲ್ಲೋ ಪಾಪಿ!"

ವರ್ಷಗಳಿಂದ ತಡೆದಿಟ್ಟದ್ದೆಲ್ಲ ಹೊರಗೆ ಬಂತು. "ನನಗ ಏನೂ ಗೊತ್ತಿಲ್ಲ! ಹಿಂದೂ ಗೊತ್ತಿರಲಿಲ್ಲ, ಮುಂದೂ ಗೊತ್ತಾಗೂದಿಲ್ಲ! ಮಳಿ ಯಾವಾಗ ಬರ್ತೈತಂತ ಹೇಳೋದು ನನ್ನ ಕೆಲಸ ಅಲ್ಲ, ಅಲ್ಲ, ಅಲ್ಲ!"

ತಗಡಿನ ಮೇಲೆ ಮಳೆ ಬಡಿಯುತ್ತಲೇ ಇತ್ತು. ವರನ ಅಜ್ಜಿ ಸೆರಗು ಹಿಂಡುತ್ತ ನಿಧಾನವಾಗಿ ನನ್ನ ಹತ್ತಿರ ಬಂದು ಬೆನ್ನು ಸವರಿದರು.

"ಸಿಟ್ಟಾಗಬ್ಯಾಡಪ್ಪಾ. ಬರೋದು ನಿನ್ನ ಕೆಲಸ ಅಲ್ಲಂದ್ರ ಬಿಡು. ನಿಲ್ಲೋದು ಯಾವಾಗ, ಅಷ್ಟು ಹೇಳು."