ಆಮೆಗಾಗಿ ಬೆಳೆದ ಕಳೆ

ಗಡಿಯಾರ ರಿಪೇರಿಯವನ ಸ್ನಾನದ ಮನೆಯಲ್ಲಿ ಒಂದು ತಿಂಗಳಿಂದ ಅತ್ತೆಯ ಆಮೆ ಬಿಡಾರ ಹೂಡಿತ್ತು. ಸೋಪು ಬಿದ್ದರೆ ಕಚ್ಚುತ್ತಿತ್ತು, ಹೊರಗಿಟ್ಟರೆ ಬಾಗಿಲಿಗೆ ತಲೆ ಚಚ್ಚುತ್ತಿತ್ತು. ಇವತ್ತು ಸಂಜೆ ಅತ್ತೆ ಪ್ರವಾಸ ಮುಗಿಸಿ ಬಂದು ಒಯ್ದುಬಿಟ್ಟರೆ ಅವನು ಬದುಕಿಕೊಂಡ.

ಅತ್ತೆ ಹೋಗುವಾಗಲೇ ಕಟ್ಟಪ್ಪಣೆ ಮಾಡಿದ್ದರು: "ಅಳಿಯಂದ್ರೇ, ಎಲೆಕೋಸು ಗಿಲೆಕೋಸು ಹಾಕಿ ಚಿಪ್ಪು ಮೆತ್ತಗೆ ಮಾಡ್ಬೇಡಿ. ಕಳೆಗಿಡಾನೇ ಅದಕ್ಕೆ ಪುಷ್ಟಿ." ಹಾಗಾಗಿ ಊರವರೆಲ್ಲ ಕಿತ್ತೆಸೆಯುವ ಗೋಣಿಸೊಪ್ಪನ್ನು ಅವನು ಟ್ರೇಗಳಲ್ಲಿ ಬಿತ್ತಿ, ನೀರು ಹನಿಸಿ, ಕೂಸಿನಂತೆ ಸಾಕಿದ್ದ.

ಬೆಳಿಗ್ಗೆ ಹಿತ್ತಿಲಿಗೆ ಹೋದರೆ ಟ್ರೇಗಳಲ್ಲಿ ಬರೀ ಮಣ್ಣು! ಪಕ್ಕದ ಮನೆಯ ನಿವೃತ್ತ ಟೀಚರು ಅಲ್ಲೇ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು.

"ಪಾಪ, ನಿಮಗೆ ಪುರುಸೊತ್ತೆಲ್ಲಿ? ಕಳೆ ಎಲ್ಲಾ ನಾನೇ ಕಿತ್ತು ಕಸದ ಗಾಡಿಗೆ ಹಾಕ್ದೆ. ಥ್ಯಾಂಕ್ಸೆಲ್ಲ ಬೇಡಪ್ಪ."

ಅವನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಉಪಕಾರ ಮಾಡಿದವರನ್ನು ಬೈಯುವುದಾದರೂ ಹೇಗೆ? ಸಂಜೆ ಅತ್ತೆ ಬಂದಾಗ ಆಮೆಯ ಮುಂದೆ ಕಳೆ ಕಾಣದಿದ್ದರೆ ಗತಿಯೇನು?

"ಬೇರೆ ಎಲ್ಲಾದ್ರೂ ಕಳೆ ಸಿಗುತ್ತಾ ಟೀಚರ್?" ಎಂದ ಹಲ್ಲು ಕಚ್ಚಿ.

"ನಮ್ಮ ಹಿತ್ತಿಲು ತುಂಬಾ ಇದೆಯಲ್ಲ! ನಿಮ್ಮ ಟ್ರೇ ಎತ್ತರಕ್ಕಿತ್ತು, ಕಿತ್ತೆ. ನಮ್ಮನೇದಕ್ಕೆ ಬಗ್ಗೋಕೆ ನನ್ನ ಸೊಂಟ ಕೇಳಲ್ಲ. ಬುಡಸಮೇತ ಕೀಳಿ, ಅರ್ಧಂಬರ್ಧ ಬಿಡ್ಬೇಡಿ."

ಅಂಗಡಿ ತೆರೆಯುವುದನ್ನೇ ಬಿಟ್ಟು ಅವನು ಟೀಚರ ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತ. ಸುದ್ದಿ ಬೀದಿಗೆಲ್ಲ ಹಬ್ಬಿತು.

"ಬಿಟ್ಟಿ ಕಳೆ ಕೀಳ್ತಿದ್ದೀರಂತೆ?" ಎದುರುಮನೆಯ ಡ್ರೈವಿಂಗ್ ಸ್ಕೂಲಿನವರು ಗೇಟಿನಿಂದಲೇ ಕೂಗಿದರು. "ನಮ್ಮಲ್ಲಿ ಮೊಣಕಾಲುದ್ದ ಬೆಳೆದಿದೆ, ಬನ್ನಿ. ಹಾಗೇ ಆ ಬೇಲಿನೂ ಸ್ವಲ್ಪ ಕತ್ತರಿಸಿಬಿಡಿ."

ಆಮೇಲೆ ಮೂಲೆಮನೆಯ ದಂತವೈದ್ಯೆ ಕರೆದರು. ಬೇಡ ಅನ್ನುವಷ್ಟರಲ್ಲಿ ಕೈಗೆ ಕುಡುಗೋಲು ಬಂದಿತ್ತು. ಸಂಜೆ ಮೂಟೆಗಟ್ಟಲೆ ಸೊಪ್ಪು ಹೊತ್ತು ಮನೆಗೆ ಬರುವಾಗ ಅವನ ನಡಿಗೆಯೇ ಆಮೆಯದಾಗಿತ್ತು.

"ರೀ, ಅಮ್ಮ ಬಂದ್ರು!" ಎಂದಳು ಹೆಂಡತಿ.

ಹಿತ್ತಿಲಲ್ಲಿ ಸೊಪ್ಪಿನ ರಾಶಿ, ಅದರಲ್ಲಿ ಕುತ್ತಿಗೆವರೆಗೆ ಮುಳುಗಿ ಮೇಯುತ್ತಿರುವ ಆಮೆ. ಅತ್ತೆ ಚಿಪ್ಪು ತಟ್ಟಿ ನೋಡಿದರು. ಕಲ್ಲಿನಂತೆ ಗಟ್ಟಿ. ಅವರಿಗೆ ಕಣ್ಣು ತುಂಬಿ ಬಂತು. ಅಳಿಯ ಆಗಲೇ ಆಮೆಯ ಬುಟ್ಟಿಯನ್ನು ಬಾಗಿಲಿಗೆ ತಂದಿಟ್ಟಿದ್ದ.

ಗೋಡೆಯಾಚೆಯಿಂದ ಟೀಚರು ಇಣುಕಿದರು. "ಇನ್ನು ವಾರವಾರ ಬೀದಿ ಕಳೆಯೆಲ್ಲಾ ಇವರದೇ ಅಮ್ಮಾ. ನಾವೆಲ್ಲ ಒಪ್ಪಿಬಿಟ್ಟಿದ್ದೀವಿ!"

ಅತ್ತೆ ಬುಟ್ಟಿಯನ್ನು ಮತ್ತೆ ಒಳಕ್ಕೆ ತಳ್ಳಿದರು.

"ನಮ್ಮ ಮೂರನೇ ಮಹಡಿ ಮನೇಲಿ ನನಗೆ ಒಂದು ಹುಲ್ಲುಕಡ್ಡೀನೂ ಸಿಗಲ್ಲ. ಇದು ನಿಮ್ಮ ಹತ್ರಾನೇ ಇರ್ಲಿ ಅಳಿಯಂದ್ರೇ. ಏನೂ ಯೋಚ್ನೆ ಮಾಡ್ಬೇಡಿ, ಇನ್ನೂ ಎಳೇದು. ನೂರು ವರ್ಷ ಬಾಳುತ್ತೆ."