ಏಕವಚನದ ಪಾಪ

ದೀನತೆಯಲ್ಲಿ ನಮ್ಮ ಸಭೆಯನ್ನು ಮೀರಿಸುವ ಸಭೆ ಇನ್ನೊಂದಿಲ್ಲ ಎಂಬುದನ್ನು ಪ್ರಾರ್ಥನಾಲಯದ ಆಡಳಿತ ಸಮಿತಿಯು ಸರ್ವಾನುಮತದಿಂದ ಅಂಗೀಕರಿಸಿ, ಹೊರಗೋಡೆಯ ಅಮೃತಶಿಲೆಯಲ್ಲಿ ಕೆತ್ತಿಸಿದೆ.

ಜಂಬದವನ ಪ್ರಾರ್ಥನೆ ಸೂರನ್ನೂ ದಾಟುವುದಿಲ್ಲ, ತಲೆ ತಗ್ಗಿಸಿದವನದು ನೇರ ದೇವರ ಕಿವಿಗೆ ಬೀಳುತ್ತದೆ ಎಂದು ಪಾದ್ರಿಗಳು ಒಮ್ಮೆ ಉಪದೇಶ ಮಾಡಿದ್ದರು. ಅಂದಿನಿಂದ ತಲೆ ತಗ್ಗಿಸುವುದರಲ್ಲಿ ಪೈಪೋಟಿ ಹತ್ತಿತು. ಇಷ್ಟು ಬೇಡಿಕೆ ಬಂದ ಮೇಲೆ ಮಾಲನ್ನು ಕ್ರಮವಾಗಿ ಹಂಚಬೇಕಲ್ಲ? ಸಮಿತಿಯು 'ಪರಮಪಾಪಿ' ಎಂಬ ಹುದ್ದೆಯನ್ನು ಸೃಷ್ಟಿಸಿತು. ಪಾಪದ ಅರಿಕೆಯನ್ನು ಮೈಕಿನಲ್ಲಿ ನಡೆಸುವ ಹಕ್ಕು, ಫ್ಯಾನಿನ ಕೆಳಗೆ ಮೆತ್ತೆಯ ಕುರ್ಚಿ. ಕಬ್ಬಿಣದಂಗಡಿ ಸಾಹುಕಾರರೇ ಪ್ರತಿ ಸಲ ಆರಿಸಿ ಬರುತ್ತಿದ್ದರು. "ನನ್ನಂಥ ಪಾಪಿ ಇನ್ನೊಬ್ಬ ಇದ್ರೆ ತೋರಿಸಿ!" ಎಂದು ಅವರು ಎದೆ ಬಡಿದುಕೊಂಡರೆ ಯಾರೂ ಉಸಿರೆತ್ತುತ್ತಿರಲಿಲ್ಲ. ಒಮ್ಮೆ ಯಾರೋ "ಹೌದು ಸಾಹುಕಾರ್ರೇ, ನಿಮ್ಮ ತಕ್ಕಡಿ ನೋಡಿದ್ರೇ ಗೊತ್ತಾಗುತ್ತೆ" ಎಂದದ್ದಕ್ಕೆ ವಕೀಲರ ನೋಟಿಸು ಹೋಗಿತ್ತು.

ಗಡಿಯಾರ ರಿಪೇರಿಯವನಿಗೆ ಹುದ್ದೆ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಟೀಚರಮ್ಮನ ಬಾಯಿಂದ ಒಂದು ಬೈಗುಳ, ಸಾಧ್ಯವಾದರೆ ಒಂದು ಕ್ಷಮೆ. ಆಕೆಯ ಗೋಡೆ ಗಡಿಯಾರದ ಗಟ್ಟಿ ಸ್ಪ್ರಿಂಗನ್ನು ಬಿಚ್ಚಿಟ್ಟುಕೊಂಡು, ಸವೆದದ್ದನ್ನು ಹಾಕಿ ಕೊಟ್ಟಿದ್ದ. ಗಡಿಯಾರ ನಿಂತುಹೋಯಿತು. "ಕೀ ಕೊಡೋ ನನ್ನ ಕೈಯೇ ಸರಿಯಿಲ್ಲಪ್ಪ" ಎಂದು ಆಕೆ ತನ್ನನ್ನೇ ಬೈದುಕೊಂಡಳು. ಆ ಮಾತು ಕೇಳಿದ ಮೇಲೆ ಅವನಿಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಎಲ್ಲರೆದುರು ಒಪ್ಪಿಕೊಂಡುಬಿಡೋಣ ಎಂದು ಸಮಿತಿಯ ಕಾರ್ಯದರ್ಶಿಯ ಹತ್ತಿರ ಹೋದ.

"ಒಂದು ಪಾಪ ಹೇಳ್ಕೋಬೇಕಿತ್ತು ಸಾರ್."

"ಒಂದಾ?" ಕಾರ್ಯದರ್ಶಿ ಕನ್ನಡಕ ತೆಗೆದರು. "ಪಾಪವನ್ನು ಬಹುವಚನದಲ್ಲಿಯೇ ಹೇಳತಕ್ಕದ್ದು ಅಂತ ನಿಯಮ ಇದೆ. 'ನನ್ನ ಅಸಂಖ್ಯ ಪಾಪಗಳು' ಅನ್ನಿ, ಯಾರಿಗೂ ತೊಂದರೆ ಇಲ್ಲ."

"ನಾನು ಮಾಡಿದ್ದು ಸ್ಪ್ರಿಂಗಿನ ವಿಷಯ..."

"ಶ್! ವಿವರ ಕೊಟ್ರೆ ಅದು ಪಾಪ ಅಲ್ಲ ಕಣ್ರೀ, ಅಪರಾಧ. ಇಂಥ ದೊಡ್ಡ ಸಭೇಲಿ ಪಾಪಾನ ಏಕವಚನದಲ್ಲಿ ಮಾತಾಡ್ಸೋದು ಮರ್ಯಾದೆನಾ?"

ಮುಂದಿನ ಭಾನುವಾರ ಸಾಹುಕಾರರು ಪ್ರಾರ್ಥನೆಯ ನಡುವೆ ಉಸಿರೆಳೆದುಕೊಳ್ಳುವಷ್ಟರಲ್ಲಿ ರಿಪೇರಿಯವನು ಎದ್ದು ನಿಂತ.

"ಟೀಚರಮ್ಮ, ನಿಮ್ಮ ಗಡಿಯಾರದ ಸ್ಪ್ರಿಂಗ್ ಕದ್ದೋನು ನಾನೇ. ಇಗೋ ಸ್ಪ್ರಿಂಗ್, ನೋಡಿ."

ಟೀಚರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನೋಡ್ರಪ್ಪ! ನನ್ನ ಮನಸ್ಸು ನೋಯಬಾರದು ಅಂತ ಮಾಡದ ಪಾಪಾನೂ ತಲೆ ಮೇಲೆ ಹೊತ್ಕೊಳ್ತಾನೆ!"

"ಇಲ್ಲಮ್ಮ, ನಿಜವಾಗ್ಲೂ ಕದ್ದೆ!"

"ಇನ್ನೂ ಕುಗ್ತಾನಲ್ಲ, ಪುಣ್ಯಾತ್ಮ!"

"ಕಳ್ಳ ಅಮ್ಮಾ ನಾನು!" ಅವನು ಎದೆ ಎದೆ ಬಡಿದುಕೊಂಡ. ಬಡಿದಷ್ಟೂ ಚಪ್ಪಾಳೆ ಏರಿತು.

ಸಾಹುಕಾರರು ಮೈಕನ್ನು ಕೆಳಗಿಟ್ಟರು. "ಇಷ್ಟು ವರ್ಷ ಸಮುದ್ರದಷ್ಟು ಪಾಪ ಹೊತ್ತೆ. ಇವನು ಒಂದು ಸ್ಪ್ರಿಂಗಲ್ಲಿ ಕುರ್ಚಿ ಹೊಡ್ಕೊಂಡು ಹೋದ್ನಲ್ಲ!"

ಸಮಿತಿಯು ಸ್ಥಳದಲ್ಲೇ ರಿಪೇರಿಯವನನ್ನು ಪರಮಪಾಪಿಯೆಂದು ಘೋಷಿಸಿ, ಇನ್ನು ಮುಂದೆ ಅವನನ್ನೂ ಬಹುವಚನದಲ್ಲಿಯೇ ಸಂಬೋಧಿಸತಕ್ಕದ್ದೆಂದು ನಿರ್ಣಯಿಸಿತು.

ಮರುದಿನ ರಿಪೇರಿಯವರು ಸ್ಪ್ರಿಂಗ್ ಹಾಕಿಕೊಡಲು ಹೋದರೆ ಟೀಚರಮ್ಮ ಬಾಗಿಲಿಗೆ ಅಡ್ಡ ನಿಂತಳು. "ಮುಟ್ಟಬೇಡಿ. ಸರಿಯಾಗಿಬಿಟ್ರೆ ನಿಜವಾಗ್ಲೂ ಕದ್ದಿದ್ರಿ ಅಂತ ಜನ ಅಂದ್ಕೊಳ್ತಾರೆ."

ಗಡಿಯಾರವನ್ನು ಆಕೆ ಪ್ರಾರ್ಥನಾಲಯಕ್ಕೇ ದಾನ ಕೊಟ್ಟಳು. ಅದು ನಿಂತಿರುವುದು ಹತ್ತೂಕಾಲಿಗೆ. ಸುತ್ತೋಲೆಯ ಪ್ರಕಾರ ಆರಾಧನೆ ಹತ್ತೂಕಾಲಿಗೆ ಶುರುವಾಗಿ ಹತ್ತೂಕಾಲಿಗೇ ಮುಗಿಯುತ್ತದೆ. ತಡವಾಗಿ ಬಂದರೆಂಬ ದೂರು ಯಾರ ಮೇಲೂ ಇಲ್ಲ. ಪರಮಪಾಪಿಗಳು ಮೊದಮೊದಲು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಈಗ ಬೆನ್ನು ಒರಗಿಸುತ್ತಾರೆ. ಹೊಸಬರು ಯಾರಾದರೂ ಸ್ಪ್ರಿಂಗಿನ ಸಂಗತಿ ನಿಜವೇ ಎಂದು ಕೇಳಿದರೆ, ನೊಂದ ದನಿಯಲ್ಲಿ ಹೇಳುತ್ತಾರೆ:

"ನನ್ನ ಅಸಂಖ್ಯ ಪಾಪಗಳಲ್ಲಿ ಅದೊಂದನ್ನು ಮಾತ್ರ ನಾನು ಮಾಡಿಲ್ಲ."

ಸಭೆಯು ಆಮೆನ್ ಎನ್ನುತ್ತದೆ.