ನಾಳೆ ಮಾಸ್ಟರು ಟೈಮಿಗೆ ಸರಿಯಾಗಿ ಬಂದ ದಿನ

ಇಷ್ಟಕ್ಕೆಲ್ಲ ಕಾರಣ ಒಂದು ರಟ್ಟಿನ ತುಂಡು. ಹೊಸ ಅಂಗಿಯ ಮಡಿಕೆಯೊಳಗೆ ಇರುತ್ತದಲ್ಲ, ಆ ರಟ್ಟು. ಅದರ ಮೇಲೆ ದರ್ಜಿಯ ಹತ್ತು ವರ್ಷದ ಮಗಳು ಕೆಂಪು ಪೆನ್ನಿನಲ್ಲಿ ನಾಲ್ಕು ಮಾತು ಬರೆದು, ಹೊಲಿಗೆ ಮಷಿನ್ನಿನ ಎದುರಿನ ಗೋಡೆಗೆ ತಾನೇ ಮೊಳೆ ಹೊಡೆದು ತೂಗುಹಾಕಿದ್ದಳು. ಬೆಳಿಗ್ಗೆಯೇ ಕೆಲಸದ ಪಟ್ಟಿ ಬರಿ. ಕಷ್ಟದ್ದನ್ನ ಮೊದಲು ಮುಗಿಸು. ಒಂದು ಮುಗಿಯದೆ ಇನ್ನೊಂದು ಮುಟ್ಟಬೇಡ. ನಾಲ್ಕನೆಯದರ ಕೆಳಗೆ ಮಾತ್ರ ಎರಡೆರಡು ಗೆರೆ: 'ಆಗಲ್ಲ' ಅನ್ನೋದು ಕಲಿ.

ಈ ದರ್ಜಿಯ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಯಾರು ಬಂದು ಕೇಳಿದರೂ "ನಾಳೆ ಬನ್ನಿ" ಅನ್ನುತ್ತಿದ್ದರಿಂದ ನಾಳೆ ಮಾಸ್ಟರು ಅಂತಲೇ ಹೆಸರಾಗಿತ್ತು. ಸೋಮಾರಿಯೇನಲ್ಲ, ಪಾಪ. ಎತ್ತಿನ ಹಾಗೆ ದುಡಿಯುತ್ತಿದ್ದರು. ಆದರೆ ಯಾರು ಏನು ತಂದುಕೊಟ್ಟರೂ "ಆಯ್ತು, ಇಟ್ಟು ಹೋಗಿ" ಅನ್ನದೆ ಇರಲು ಅವರಿಗೆ ಬರುತ್ತಿರಲಿಲ್ಲ. ಅವರದು ಇನ್ನೊಂದು ಪ್ರಸಿದ್ಧಿಯೂ ಇತ್ತು, ಸೀನು. ಸೀಮೆಸುಣ್ಣದ ಪುಡಿ ಮೂಗಿಗೆ ಹೋದರೆ ಸಾಕು, ಬೀದಿಯೇ ಬೆಚ್ಚಿಬೀಳುವಂತೆ ಸೀನುತ್ತಿದ್ದರು. ಅವರು "ಆ... ಆ..." ಎಂದು ಶುರುಮಾಡಿದರೆ ಪಕ್ಕದ ಕ್ಷೌರದಂಗಡಿಯವನು ಕತ್ತಿಯನ್ನು ಗಿರಾಕಿಯ ಗಲ್ಲದಿಂದ ದೂರ ಹಿಡಿದು ಕಾಯುತ್ತಿದ್ದ.

ಮಗಳ ಶಾಲೆಯ ನಾಟಕವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಮೊದಲ ವರ್ಷ ಹೋದಾಗ ಕುರ್ಚಿ ಎತ್ತಿಡುತ್ತಿದ್ದರು. ಎರಡನೇ ವರ್ಷ ಹೋದಾಗ ಗೇಟಿಗೆ ಬೀಗ. ಮೂರನೇ ವರ್ಷ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ತೊಟ್ಟು ಗಂಭೀರವಾಗಿ ಹೋದದ್ದು ನಾಟಕದ ಮರುದಿನ. ಈ ವರ್ಷ ಮಗಳಿಗೆ ಹಡಗಿನ ಕಪ್ತಾನನ ಪಾತ್ರ.

"ಅಪ್ಪ, ಮೊದಲನೇ ಸಾಲು, ಮಧ್ಯದ ಕುರ್ಚಿ. ನಿಂದೇ ಅದು," ಎಂದಳು ಆವತ್ತು ಬೆಳಿಗ್ಗೆ. ಆಮೇಲೆ ದನಿ ಸಣ್ಣದು ಮಾಡಿ, "ಆ ಕುರ್ಚಿ ಖಾಲಿ ಇದ್ರೆ ನಂಗೆ ಮಾತೆಲ್ಲ ಮರ್ತೋಗತ್ತೆ," ಎಂದಳು.

ಮಾಸ್ಟರು ಮಗಳ ತಲೆ ಸವರಿದರು. "ಎಷ್ಟು ಗಂಟೆಗೆ?" ಎಂದು ಕೇಳಿದರು.

"ಮೂರಕ್ಕೆ!" ಮಗಳು ಬಾಯಿ ತೆರೆಯುವ ಮೊದಲೇ ಹೆಂಡತಿ ಒಳಗಿನಿಂದ ಕೂಗಿದರು. "ಸರಿಯಾಗಿ ಮೂರಕ್ಕೆ, ರೀ!"

ಮಾಸ್ಟರು ಪಟ್ಟಿ ಬರೆದರು. ಕಷ್ಟದ ಕೆಲಸ ವಕೀಲರ ಕೋಟು. ಅದನ್ನೇ ಮೊದಲು ಹಿಡಿದರು. ತಲೆ ಎತ್ತಲಿಲ್ಲ, ಹರಟಲಿಲ್ಲ, ಕೋಟು ಬಿಟ್ಟು ಇನ್ನೊಂದನ್ನು ಮುಟ್ಟಲಿಲ್ಲ. ಹತ್ತೂವರೆಗೆ ಕೋಟು ತಯಾರು! ತಾವೇ ಹೊತ್ತುಕೊಂಡು ಹೋಗಿ ಬಾಗಿಲು ತಟ್ಟಿದರು. ವಕೀಲರು ಕೋಟು ನೋಡಿ ಹೌಹಾರಿದರು.

"ಇದೇನು ಮಾಸ್ಟ್ರೇ, ಇವತ್ತೇ ತಂದ್ಬಿಟ್ರಿ?"

"ಇವತ್ತು ಮಧ್ಯಾಹ್ನದೊಳಗೆ ಬೇಕೇ ಬೇಕು ಅಂದಿದ್ರಲ್ಲ ಸಾರ್?"

"ಅದು ನಿಮಗೆ ಹೇಳೋ ತಾರೀಕು. ನನಗೆ ಬೇಕಾಗಿರೋದು ಮುಂದಿನ ತಿಂಗಳು. ಅಷ್ಟರಲ್ಲಿ ಹೊಟ್ಟೆ ಇಳಿಸ್ಕೊಳ್ಳೋಣ ಅಂತ ಎರಡು ಇಂಚು ಕಮ್ಮಿ ಅಳತೆ ಕೊಟ್ಟಿದ್ದೆ!" ಎಂದು ವಕೀಲರು ಹೊಟ್ಟೆ ಸವರಿಕೊಂಡರು.

ಮಾಸ್ಟರು ಪೆಚ್ಚಾಗಿ ಬಂದು ಎರಡನೆಯ ಕೆಲಸ ಮುಗಿಸಿದರು. ಹಿಂದಿನ ಬೀದಿಯ ಹೆಂಗಸೊಬ್ಬರ ಮಗಳ ಮದುವೆಯ ರವಿಕೆ ಅದು. "ನಾಳೆ ಬೆಳಿಗ್ಗೆ ಮದುವೆ ಮಾಸ್ಟ್ರೇ, ನಮ್ಮ ಮಾನ ನಿಮ್ಮ ಕೈಲಿದೆ" ಎಂದು ಆಕೆ ಅತ್ತು ಕರೆದು ಹೋಗಿದ್ದರು. ಈಗ ಅಂಗಡಿಗೆ ಬಂದು ರವಿಕೆ ಕಂಡದ್ದೇ ಆಕೆಯ ಮುಖ ಬಾಡಿತು.

"ಅಯ್ಯೋ, ಗಂಡು ಇನ್ನೂ ಸಿಕ್ಕಿಲ್ಲ ಮಾಸ್ಟ್ರೇ! ನೀವು ಹೊಲಿದು ಮುಗಿಸೋಷ್ಟರಲ್ಲಿ ಸಿಕ್ಕೇ ಸಿಗ್ತಾನೆ ಅಂದ್ಕೊಂಡಿದ್ವಿ."

ಕ್ಷೌರದಂಗಡಿಯವನು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲ ಮಾಸ್ಟ್ರೇ, ಇಷ್ಟು ವರ್ಷ ಆಯ್ತು, ನಿಮಗೆ ಗೊತ್ತೇ ಇಲ್ವಾ? ಇಡೀ ಬೀದಿ ನಿಮಗೆ ಸುಳ್ಳು ತಾರೀಕೇ ಹೇಳೋದು. ನಾನೂ ಹೇಳಿದೀನಿ."

ಮಾಸ್ಟರಿಗೆ ಮೈಯೆಲ್ಲ ಉರಿದುಹೋಯಿತು. ಊಟ ಬಿಟ್ಟು, ನಿದ್ದೆ ಬಿಟ್ಟು ಹೊಲಿದದ್ದೆಲ್ಲ ಸುಳ್ಳು ತಾರೀಕಿಗೆ! ಸಿಟ್ಟಿನಲ್ಲಿ ಅವರು ಮಷಿನ್ ತುಳಿಯುತ್ತಿರುವಾಗಲೇ ಬಾಗಿಲಲ್ಲಿ ಒಬ್ಬ ಅಪರಿಚಿತ ಬಂದು ನಿಂತ. ಸಣಕಲು ಆಳು, ಹೆಗಲ ಮೇಲೆ ಹಾಸಿಗೆಯಷ್ಟು ದೊಡ್ಡ ಬಟ್ಟೆಯ ಗಂಟು.

"ಮಾಸ್ಟ್ರೇ, ಇದು ಉದ್ದಕ್ಕೂ ಹರಿದುಹೋಗಿದೆ. ಸಂಜೆ ಆರು ಗಂಟೆಗೆ ಬೇಕೇ ಬೇಕು. ದಯವಿಟ್ಟು..."

"ಆರಕ್ಕೆ? ಇವತ್ತು?" ಮಾಸ್ಟರು ಕನ್ನಡಕ ಮೂಗಿನ ತುದಿಗೆ ಇಳಿಸಿದರು. "ಅಂದ್ರೆ ನಿಮಗೆ ಬೇಕಾಗಿರೋದು ಬರೋ ವರ್ಷ. ಆಗಲ್ಲ!"

"ಇಲ್ಲ ಮಾಸ್ಟ್ರೇ, ಒಂದು ಮಾತು ಕೇಳಿ, ನಾನು..."

"ಆಗಲ್ಲ ಅಂದ್ರೆ ಆಗಲ್ಲ!" ಮಾಸ್ಟರು ರಟ್ಟಿನ ನಾಲ್ಕನೇ ಸಾಲಿಗೆ ಬೆರಳು ತೋರಿಸಿದರು. ಆ ಮನುಷ್ಯ ಗಂಟು ಹೊತ್ತುಕೊಂಡು ತಲೆ ತಗ್ಗಿಸಿ ಹೋದ. ಮಾಸ್ಟರಿಗೆ ಹಾಲು ಕುಡಿದಷ್ಟು ಖುಷಿಯಾಯಿತು. ಜನ್ಮದಲ್ಲೇ ಮೊದಲ ಸಲ 'ಆಗಲ್ಲ' ಅಂದಿದ್ದರು!

ಎರಡೂವರೆಗೆ ಅಂಗಡಿ ಮುಚ್ಚಿದರು. ಕ್ಷೌರದಂಗಡಿಯವನು ತನ್ನ ಗಡಿಯಾರ ಕೆಟ್ಟಿತೆಂದು ಕಿವಿಗಿಟ್ಟು ನೋಡಿದ. ಮೂರಕ್ಕೆ ಐದು ನಿಮಿಷ ಇರುವಾಗಲೇ ಮಾಸ್ಟರು ಶಾಲೆಯ ಸಭಾಂಗಣದಲ್ಲಿದ್ದರು.

ಒಂದು ನರಪಿಳ್ಳೆ ಇಲ್ಲ. ವೇದಿಕೆಯ ಮೇಲೆ ಮಾತ್ರ ಒಬ್ಬ ಮನುಷ್ಯ ದೊಡ್ಡ ನೀಲಿ ಬಟ್ಟೆ ಹರಡಿಕೊಂಡು, ಸೂಜಿಯನ್ನು ಬೆಂಕಿಕಡ್ಡಿಯ ಹಾಗೆ ಹಿಡಿದು, ಬಟ್ಟೆಗಿಂತ ಹೆಚ್ಚಾಗಿ ಬೆರಳನ್ನೇ ಚುಚ್ಚಿಕೊಳ್ಳುತ್ತ ಕೂತಿದ್ದ. ಅಂಗಡಿಗೆ ಬಂದಿದ್ದ ಅದೇ ಸಣಕಲು ಆಳು!

"ನೀವು..."

"ಹೊಸದಾಗಿ ಬಂದಿರೋ ನಾಟಕದ ಮೇಷ್ಟ್ರು. ಇದು ಹಡಗಿನ ಹಿಂದೆ ಕಟ್ಟೋ ಆಕಾಶ. ಆರಕ್ಕೆ ನಾಟಕ ಅಂತ ಹೇಳೋಕೆ ಹೋದ್ರೆ ನೀವು ಕೇಳಲೇ ಇಲ್ಲ."

"ಆರಕ್ಕಾ? ಮೂರಕ್ಕಲ್ವಾ?"

"ಯಾರು ಹೇಳಿದ್ರು?"

ಮಾಸ್ಟರಿಗೆ ಹೆಂಡತಿಯ ಬೆಳಗಿನ ಕೂಗು ನೆನಪಾಯಿತು. ಹಾಗಾದರೆ ಮನೆಯಲ್ಲೂ ತಾನು ನಾಳೆ ಮಾಸ್ಟರೇ. ಹೆಂಡತಿಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂರು ವರ್ಷ ಖಾಲಿ ಕುರ್ಚಿಯ ಪಕ್ಕ ಕೂತವಳು ಆಕೆಯಲ್ಲವೇ? ಮಾಸ್ಟರು ತೋಳು ಮಡಚಿ ಮೇಷ್ಟ್ರ ಕೈಯಿಂದ ಸೂಜಿ ಕಿತ್ತುಕೊಂಡರು.

"ಕೊಡಿ ಇಲ್ಲಿ. ನಿಮ್ಮ ಬೆರಳು ಉಳೀಲಿ."

ಆಕಾಶ ಮೇಲಿನಿಂದ ಕೆಳಗಿನವರೆಗೆ ಹರಿದಿತ್ತು. ಮಷಿನ್ ತರಲು ಹೋದರೆ ಎಲ್ಲಿ ತಡವಾಗುತ್ತದೋ ಎಂದು ಮಾಸ್ಟರು ಕೈಯಲ್ಲೇ ಹೊಲಿದರು. ದಪ್ಪ ಬಟ್ಟೆ, ಹತ್ತು ವರ್ಷದ ಧೂಳು. ಆರಕ್ಕೆ ಕಾಲು ಗಂಟೆ ಇರುವಾಗ, ಇನ್ನು ಒಂದು ಮೊಳ ಉಳಿದಿದೆ ಅನ್ನುವಷ್ಟರಲ್ಲಿ ದಾರ ಮುಗಿಯಿತು. ಉಳಿದದ್ದು ಆಕಾಶದ ನಟ್ಟನಡುವೆ. ಹೊರಗೆ ಜನ ತುಂಬಿದ್ದರು. ಪರದೆ ಎಳೆಯಬೇಕಾದವರು ಮೇಷ್ಟ್ರು, ಮಕ್ಕಳೆಲ್ಲ ಹಡಗಿನಲ್ಲಿ. ಆಕಾಶ ಹಿಡಿಯಲು ಉಳಿದವರು ಒಬ್ಬರೇ.

ಹೀಗೆ, ಮೊದಲನೇ ಸಾಲಿನ ಮಧ್ಯದ ಕುರ್ಚಿಯಲ್ಲಿ ಕೂರಲು ಮೂರು ಗಂಟೆ ಮೊದಲೇ ಬಂದ ಮಾಸ್ಟರು, ಬಟ್ಟೆಯ ಹಿಂದೆ ಸ್ಟೂಲಿನ ಮೇಲೆ ನಿಂತು ಎರಡು ಅಂಚನ್ನು ಎರಡು ಕೈಯಲ್ಲಿ ಬಿಗಿಹಿಡಿದರು. ಸಂದಿಯಿಂದ ಅವರಿಗೆ ಕಂಡದ್ದು ಮಗಳ ಬೆನ್ನು, ಎರಡು ಜಡೆ. ಅದರಾಚೆ ಹೆಂಡತಿ, ಹೆಂಡತಿಯ ಪಕ್ಕ ಖಾಲಿ ಕುರ್ಚಿ.

ಬಿರುಗಾಳಿಯ ದೃಶ್ಯ ಬಂತು. ನಾವಿಕರು "ಕಪ್ತಾನರೇ, ಮುಳುಗಿದೆವು!" ಎಂದು ಕೂಗಿದರು. ಈಗ ಕಪ್ತಾನ ಮಾತಾಡಬೇಕು. ಮಾತು ಬರಲಿಲ್ಲ. ಜಡೆ ಎರಡೂ ಖಾಲಿ ಕುರ್ಚಿಯ ಕಡೆ ವಾಲಿದವು. ಸಭೆಯಲ್ಲಿ ಪಿಸುಪಿಸು ಶುರುವಾಯಿತು. ಮಾಸ್ಟರು ಸಂದಿಗೆ ಮುಖ ಒತ್ತಿದರು. "ಇಲ್ಲೇ ಇದೀನಿ ಮಗಳೇ!" ಎಂದು ಕೂಗಲು ಬಾಯಿ ತೆರೆದರು. ಹತ್ತು ವರ್ಷದ ಧೂಳು ಮೂಗಿಗೆ ಹೋಯಿತು.

"ಆ... ಆ... ಆಕ್ಷೀ!"

ಆಕಾಶ ಅಲ್ಲಾಡಿತು. ಗುಡುಗೆಂದರೆ ಹೀಗಿರಬೇಕೆಂದು ಸಭೆ ಚಪ್ಪಾಳೆ ತಟ್ಟಿತು. ಜಡೆ ಎರಡೂ ನೆಟ್ಟಗಾದವು. ಕಪ್ತಾನ ಸೊಂಟಕ್ಕೆ ಕೈಯಿಟ್ಟು ಗಟ್ಟಿ ದನಿಯಲ್ಲಿ ಹೇಳಿದಳು: "ಹೆದರಬೇಡಿ! ಈ ಆಕಾಶ ನಮ್ಮನ್ನು ಕೈಬಿಡುವುದಿಲ್ಲ!"

ಮಾಸ್ಟರಿಗೆ ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ನಾಟಕ ಮುಗಿದ ಮೇಲೆ ಹೆಂಡತಿ ಸರಸರನೆ ವೇದಿಕೆ ಹತ್ತಿ ಬಂದರು. ಧೂಳು ಮೆತ್ತಿದ ಗಂಡನನ್ನು ನೋಡಿ, "ಇನ್ನೂ ಎಷ್ಟು ಮುಂಚೆ ಹೇಳ್ಬೇಕಿತ್ತು ರೀ ನಿಮಗೆ? ಈಗ ಬರ್ತಿದೀರಾ?" ಎಂದು ಸೆರಗಿನಿಂದ ಮೂಗೊರೆಸಿಕೊಂಡರು.

"ಅಮ್ಮಾ, ಅಪ್ಪ ಆಗಲೇ ಬಂದಿದ್ದ," ಎಂದಳು ಮಗಳು. "ಗುಡುಗು ಯಾರದ್ದು ಅಂತ ನಿಂಗೆ ಗೊತ್ತಾಗ್ಲಿಲ್ವಾ?" ಎಂದು ಓಡಿಬಂದು ಅಪ್ಪನ ಸೊಂಟ ತಬ್ಬಿಕೊಂಡಳು. ಹೆಂಡತಿ ಗಂಡನ ಮುಖ ನೋಡಿದರು, ಹರಿದ ಆಕಾಶ ನೋಡಿದರು, ಅವರ ತಲೆಯ ಮೇಲಿನ ಧೂಳು ಕೊಡವಿದರು.

ಮೇಷ್ಟ್ರು ಓಡೋಡಿ ಬಂದರು. "ನಾಳೆ ಇನ್ನೊಂದು ಸಲ ನಾಟಕ ಆಡಿಸಿ ಅಂತಿದ್ದಾರೆ! ಇವತ್ತು ಜಾಗ ಸಿಗದವರೆಲ್ಲ ಬರ್ತಾರಂತೆ. ಮಾಸ್ಟ್ರೇ, ಇನ್ನೊಂದು ಮೊಳ ಅಷ್ಟೇ ತಾನೆ?"

ಮಾಸ್ಟರ ಮುಖ ಅರಳಿತು. ಹತ್ತು ನಿಮಿಷದ ಕೆಲಸ. ಬೆಳಿಗ್ಗೆ ಹೊಲಿದುಬಿಟ್ಟರೆ ನಾಳೆ ಮೊದಲನೇ ಸಾಲು, ಮಧ್ಯದ ಕುರ್ಚಿ. ಮಗಳ ಮುಖ ನೋಡಬಹುದು!

ಮಗಳು ಅವರ ಅಂಗಿ ಜಗ್ಗಿದಳು. "ಹೊಲೀಬೇಡ ಅಪ್ಪ. ನಾಳೇನೂ ನೀನೇ ಹಿಡ್ಕೋ. ನೀನು ಹಿಂದೆ ಇದ್ರೆ ನಂಗೆ ಮಾತು ಮರೆಯಲ್ಲ."

ಮಾಸ್ಟರು 'ಆಗಲ್ಲ' ಅನ್ನಲು ಬಾಯಿ ತೆರೆದರು. ಇವತ್ತಷ್ಟೇ ಕಲಿತ ಮಾತು, ಎಲ್ಲಿ ಹೋಯಿತೋ, ಸಿಗಲಿಲ್ಲ. ಆಕಾಶವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡರು. ಜೇಬಿನಿಂದ ಚೀಟಿ, ಪೆನ್ಸಿಲ್ ತೆಗೆದು, ಹೊಲಿಗೆಗೆ ಬಂದ ಎಲ್ಲ ಬಟ್ಟೆಗಳ ಮೇಲೂ ಬರೆಯುವ ಆ ಒಂದೇ ಮಾತನ್ನು ಬರೆದು ಆಕಾಶಕ್ಕೆ ಗುಂಡುಪಿನ್ನಿನಿಂದ ಸಿಕ್ಕಿಸಿದರು: ನಾಳೆ.